ಹೊಳೆದಂಡೆಗೊಂದು ಸೀರೆ

ಸೀರೆಯ ಪೆಟ್ಟಿಗೆಯ ಮೇಲಿದ್ದ ಬೆಲೆಯ ಚೀಟಿಯನ್ನು ಯಾರೋ ಉಗುರಿನಿಂದ ಕೆರೆದು ತೆಗೆದಿದ್ದರು. ಕಾಗದ ಹೋಗಿತ್ತು, ಅಂಟು ಉಳಿದಿತ್ತು. ಆ ಅಂಟಿಗೆ ಒಂದು ಪೈನ್ ಎಲೆ ಹತ್ತಿಕೊಂಡಿತ್ತು. ಬುಡದಲ್ಲಿ ಕಂದು ಬಣ್ಣದ ಪೊರೆ, ಅದರಿಂದ ಹೊರಟ ಮೂರು ಸೂಜಿಗಳು, ಒಂದರ ತುದಿ ಮುರಿದಿತ್ತು.

ನಾನು ಅದನ್ನು ಕಂಡದ್ದು ಹಿಮಾಚಲದ ಒಂದು ಕಣಿವೆಯಲ್ಲಿ, ನದಿಯ ಪಕ್ಕ ಹೊಡೆದಿದ್ದ ಟೆಂಟಿನೊಳಗೆ. ವೈನಿ, ಅಂದರೆ ನನ್ನ ಅಣ್ಣನ ಹೆಂಡತಿ, ತಮ್ಮ ಬ್ಯಾಗಿನಲ್ಲಿ ಬಾಚಣಿಗೆ ಹುಡುಕುತ್ತಿದ್ದರು. ಪೆಟ್ಟಿಗೆ ಮೇಲೆ ಬಂದಿತ್ತು. ನಾನು ಒಳಗೆ ಕಾಲಿಟ್ಟದ್ದು ಗೊತ್ತಾಗುತ್ತಲೇ ಅದರ ಮೇಲೆ ಟವೆಲ್ ಎಳೆದರು. ಕೇಳುವುದಕ್ಕೆ ಏನೂ ಉಳಿದಿರಲಿಲ್ಲ. ನಮ್ಮ ಊರಿನಲ್ಲಿ ಪೈನ್ ಮರವಿಲ್ಲ. ಪೆಟ್ಟಿಗೆಗೆ ಆ ಎಲೆ ಹತ್ತಿದೆ ಎಂದರೆ, ಹಿಂದಿನ ದಿನ ನಾವು ಇಲ್ಲಿಗೆ ಬಂದ ಮೇಲೆ ಅದು ಒಮ್ಮೆ ಹೊರಗೆ ಹೋಗಿ ನೆಲದ ಮೇಲೆ ಕೂತು ಬಂದಿದೆ. ಯಾರಿಗೋ ತೋರಿಸಿದ್ದಾರೆ. ನನ್ನ ಕಣ್ಣಿಗೆ ಬೀಳದಂತೆ ತೋರಿಸಿದ್ದಾರೆ. ನಾವಿದ್ದದ್ದು ನಾಲ್ಕೇ ಜನ: ಅಣ್ಣ, ವೈನಿ, ಅಪ್ಪನ ತಮ್ಮನಾದ ಕಾಕಾ, ಮತ್ತು ನಾನು.

ನಮ್ಮ ಮನೆತನದಲ್ಲಿ ಒಂದು ರೂಢಿ ಇದೆ. ಹೆಣ್ಣುಮಗಳು ಆಸ್ತಿಯಲ್ಲಿ ತನ್ನ ಪಾಲನ್ನು ಬಿಟ್ಟುಕೊಡುವಾಗ ಅಣ್ಣತಮ್ಮಂದಿರು ಆಕೆಗೆ ಹೊಸ ಸೀರೆ ಕೊಡುತ್ತಾರೆ. ಆಕೆ ಅದನ್ನು ಅಲ್ಲೇ ಉಟ್ಟು ಬಂದು ಹಿರಿಯರ ಕಾಲಿಗೆ ಬೀಳುತ್ತಾಳೆ. ಅಲ್ಲಿಗೆ ಮುಗಿಯಿತು. ಆಮೇಲೆ ಕಚೇರಿಯಲ್ಲಿ ನಡೆಯುವುದೆಲ್ಲ ಹೆಸರಿಗೆ ಮಾತ್ರ. ಸೀರೆ ಉಟ್ಟ ಮೇಲೆ ತಿರುಗಿ ಪಾಲು ಕೇಳಿದವಳು ನಮ್ಮಲ್ಲಿ ಇಲ್ಲ. ಅಪ್ಪನ ಅಕ್ಕ, ನನ್ನ ಅತ್ತೆ, ಹಾಗೆ ಉಟ್ಟು ನಿಂತ ಫೋಟೋ ಈಗಲೂ ನಮ್ಮ ಪಡಸಾಲೆಯಲ್ಲಿ ಗಡಿಯಾರದ ಕೆಳಗಿದೆ. ಸೀರೆಯ ಮಡಿಕೆಯ ಗೆರೆಗಳು ಫೋಟೋದಲ್ಲೂ ಎದ್ದು ಕಾಣುತ್ತವೆ. ಅತ್ತೆ ಕ್ಯಾಮೆರಾ ನೋಡುತ್ತಿಲ್ಲ. ಪಕ್ಕದಲ್ಲಿ ಯಾರೋ ಹಿಡಿದಿರುವ ಮಗುವನ್ನು ನೋಡುತ್ತಿದ್ದಾಳೆ.

ನನ್ನ ಪಾಲು ಎಂದರೆ ಮಸಗುಪ್ಪಿಯ ಬಳಿ ಘಟಪ್ರಭೆಯ ದಂಡೆಯ ಒಂದು ಪಟ್ಟಿ. ಮೇಲಿನ ಕಬ್ಬಿನ ಹೊಲ ಅಣ್ಣನದು. ಅದನ್ನು ನಾನು ಎಂದೂ ಕೇಳಿಲ್ಲ, ಕೇಳುವ ಮನಸ್ಸೂ ಇಲ್ಲ. ಕೆಳಗಿನ ಪಟ್ಟಿ ಮಳೆಗಾಲದಲ್ಲಿ ನೀರಿನಡಿ ಹೋಗುತ್ತದೆ. ಕಬ್ಬು ನಿಲ್ಲುವುದಿಲ್ಲ. ನೀರು ಇಳಿದ ಮೇಲೆ ಉಳಿಯುವ ಮಣ್ಣಿನಲ್ಲಿ ಅಪ್ಪ ಬದನೆ ಸಸಿ ಹಚ್ಚುತ್ತಿದ್ದ. ರಜೆಗೆ ಬಂದಾಗ ನಾನೂ ಜೊತೆಗೆ ಹೋಗುತ್ತಿದ್ದೆ. ಅಪ್ಪ ಹಾಸಿಗೆ ಹಿಡಿದ ಮೇಲೆ ಒಂದು ದಿನ ಕಾಕಾನ ಎದುರಿಗೆ, "ಹೊಳಿದಂಡಿ ಈಕಿಗೆ. ಯಾರೂ ಏನೂ ಅನಬಾರದು" ಎಂದ. ಆಗ ಯಾರೂ ಏನೂ ಅನ್ನಲಿಲ್ಲ. ಆ ಪಟ್ಟಿಯನ್ನು ಆಗ ಯಾರೂ ಬಯಸಿರಲಿಲ್ಲ.

ಅಪ್ಪ ಹೋದ ಮೇಲೆ ಅಣ್ಣನಿಗೆ ಒಂದು ಯೋಚನೆ ಹೊಳೆಯಿತು. ಮೊಬೈಲಿನಲ್ಲಿ ಅವನು ನದಿಯ ದಂಡೆಯ ಕ್ಯಾಂಪುಗಳನ್ನು ನೋಡತೊಡಗಿದ. ಸಾಲಾಗಿ ಟೆಂಟು, ನಡುವೆ ಬೆಂಕಿ, ಮರದಿಂದ ಮರಕ್ಕೆ ಬಲ್ಬಿನ ಸರ. ಗೋಕಾಕದ ಫಾಲ್ಸ್ ನೋಡಲು ಬರುವ ಜನ ರಾತ್ರಿ ಉಳಿಯಲು ಜಾಗವಿಲ್ಲದೆ ಹೋಗುತ್ತಾರೆ ಎಂಬುದು ಅವನ ಲೆಕ್ಕ. ಬೇಸಿಗೆ ರಜೆಯಲ್ಲಿ ನನಗೆ ಫೋನ್ ಮಾಡಿದ. ನಾನು ಹುಕ್ಕೇರಿಯ ಒಂದು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತೇನೆ, ಅಲ್ಲೇ ಒಂದು ಕೋಣೆ ಬಾಡಿಗೆಗೆ ಹಿಡಿದಿದ್ದೇನೆ.

"ರಜಾ ಐತಿಲ್ಲ, ಬಾ. ಹಿಮಾಲಯ ನೋಡ್ಕೊಂಡ ಬರೂಣು. ಅಪ್ಪ ಹೋದಮ್ಯಾಗ ನಾವು ಕೂಡಿ ಎಲ್ಲೂ ಹೋಗಿಲ್ಲ."

ನಾನು ಒಪ್ಪಿದೆ. ಅಣ್ಣನ ಮೇಲಿನ ನಂಬಿಕೆಯಿಂದ ಒಪ್ಪಿದೆ ಎಂದು ಬರೆದರೆ ಸುಳ್ಳಾಗುತ್ತದೆ. ಪ್ರತಿ ವರ್ಷ ಹುಡುಗಿಯರಿಗೆ ಪೈನ್ ಮರದ ಪಾಠ ಮಾಡುತ್ತೇನೆ. ಬಾಟಲಿಯಲ್ಲಿಟ್ಟ ಅದರ ಕಾಯಿ ತೋರಿಸುತ್ತೇನೆ, ಎಲೆಯನ್ನು ಅಡ್ಡ ಕೊಯ್ದು ಸೂಕ್ಷ್ಮದರ್ಶಕದ ಕೆಳಗಿಡುತ್ತೇನೆ. ಕಾಡು ನೋಡಿರಲಿಲ್ಲ. ನೋಡಬೇಕೆನಿಸಿತು, ಹೋದೆ.

ಹೊರಡುವ ಹಿಂದಿನ ದಿನ ಅವ್ವ ನನ್ನ ಚೀಲ ಬಿಚ್ಚಿ ಇನ್ನೊಂದು ಸ್ವೆಟರ್ ತುರುಕಿದಳು. ಮಂಡಿನೋವಿನಿಂದ ಅವಳು ಬರುವಂತಿರಲಿಲ್ಲ. ಚೀಲದ ಜಿಪ್ ಎಳೆಯುತ್ತಾ, "ಯಾರರ ಏನರ ಕೊಟ್ರ ವಿಚಾರ ಮಾಡಿ ಇಸ್ಕೋ" ಎಂದಳು. ದಾರಿಯಲ್ಲಿ ತಿನ್ನಲು ಕೊಡುವವರ ಬಗ್ಗೆ ಹೇಳುತ್ತಿದ್ದಾಳೆ ಎಂದುಕೊಂಡೆ.

ಘಟಪ್ರಭಾ ಸ್ಟೇಷನ್ನಿನಿಂದ ದಿಲ್ಲಿ, ಅಲ್ಲಿಂದ ಬಾಡಿಗೆ ಕಾರು. ಕಾರಿನಲ್ಲಿ ಕಾಕಾ ಮುಂದೆ ಕೂತಿದ್ದರು. ಅವರನ್ನು ಯಾಕೆ ಕರೆದುಕೊಂಡು ಬಂದಿದ್ದಾರೆ ಎಂಬ ಪ್ರಶ್ನೆ ನನಗೆ ಆಗಲೇ ಬರಬೇಕಿತ್ತು. ಕಾಕಾ ಘೋಡಗೇರಿಯ ಆಚೆ ಎಲ್ಲಿಗೂ ಖುಷಿಯಿಂದ ಹೋದವರಲ್ಲ. ದಿಲ್ಲಿ ದಾಟುತ್ತಲೇ ಮಂಕಿ ಟೋಪಿ ಹಾಕಿಕೊಂಡವರು ಅದನ್ನು ಸ್ನಾನಕ್ಕೂ ತೆಗೆಯಲಿಲ್ಲ.

ಕ್ಯಾಂಪು ನನಗೆ ಮೊದಲ ನೋಟಕ್ಕೇ ಹಿಡಿಸಲಿಲ್ಲ. ನದಿ ಒಂದೇ ಸಮ ಕೂಗುತ್ತಿತ್ತು. ಬೇಸಿಗೆಯಲ್ಲಿ ನಮ್ಮ ಹೊಳೆ ಸದ್ದು ಮಾಡುವುದಿಲ್ಲ, ದಂಡೆಯಲ್ಲಿ ಪಿಸುಗುಟ್ಟಿದರೂ ಆಚೆ ದಂಡೆಯವನಿಗೆ ಕೇಳುತ್ತದೆ. ಇಲ್ಲಿ ಪಕ್ಕದಲ್ಲಿದ್ದವರಿಗೂ ಕೂಗಿ ಹೇಳಬೇಕು, ಕೂಗಿ ಹೇಳಿದ್ದೆಲ್ಲ ಜಗಳದಂತೆ ಕೇಳುತ್ತದೆ. ಮರಗಳು ನೇರವಾಗಿ, ಒತ್ತಾಗಿ, ಬೆಳಕನ್ನು ತಮ್ಮ ನೆತ್ತಿಯಲ್ಲೇ ಹಿಡಿದುಕೊಂಡು ನಿಂತಿದ್ದವು. ಕೆಳಗೆ ಕಂದು ಸೂಜಿಗಳ ದಪ್ಪ ಹಾಸು. ಅದರಡಿಯಿಂದ ಹುಲ್ಲು ಕೂಡ ಏಳುವುದಿಲ್ಲ. ಪುಸ್ತಕದಲ್ಲಿ ಓದಿದ್ದೆ, ಪೈನ್ ತನ್ನ ಬುಡದಲ್ಲಿ ಬೇರೆಯದನ್ನು ಸುಲಭವಾಗಿ ಬೆಳೆಯಗೊಡುವುದಿಲ್ಲ ಎಂದು. ಅದನ್ನು ಅಣ್ಣನಿಗೆ ಹೇಳಿದೆ.

"ಚಲೋ ಆತಲ್ಲ, ಕಸಾ ತಗಿಯೂ ಕೆಲಸಾನ ಇಲ್ಲ" ಎಂದ.

ಅವನು ಬಂದ ಗಳಿಗೆಯಿಂದ ಅಳೆಯುತ್ತಿದ್ದ. ಟೆಂಟಿನಿಂದ ಟೆಂಟಿಗೆ ಎಷ್ಟು ದೂರ, ಹಗ್ಗಕ್ಕೆ ಗೂಟ ಎಂಥದು, ಕಕ್ಕಸು ಎಲ್ಲಿ, ನೀರಿನ ಟಾಕಿ ಎಲ್ಲಿ. ಎಲ್ಲದರ ಫೋಟೋ ತೆಗೆಯುತ್ತಿದ್ದ. ಫೋಟೋಗಳಲ್ಲಿ ನಾನು ಬರುವಂತೆ ನೋಡಿಕೊಳ್ಳುತ್ತಿದ್ದ.

"ಇವರ ಕಡೆ ಏನೈತಿ? ಕಲ್ಲು, ಗಿಡಾ, ಥಂಡಿ. ಅದಕ್ಕ ಮಂದಿ ಮುಕರಿ ಬರತಾರ. ನಮ್ಮ ಹೊಳಿದಂಡಿಗೆ ಹಿಂಗ ಒಂದ ಸಾಲು ಟೆಂಟ್ ಹೊಡದ್ರ ಏನಾಗಬಾರದು?"

"ಮಳಿಗಾಲದಾಗ ಹೊಳಿ ಬರತೈತಿ" ಎಂದೆ.

"ಬಂದ್ರ ಟೆಂಟ್ ಕಿತ್ತರಾತು. ಅದಕ್ಕ ಅಲ್ಲೇನ ಟೆಂಟ್ ಅನ್ನೂದು?"

ವೈನಿ ನಕ್ಕರು. ಕಾಕಾನೂ ನಕ್ಕರು. "ನಮ್ಮ ಹೊಳಿದಂಡಿ" ಎಂದು ಅವನು ಅಂದದ್ದನ್ನು ನಾನು ಗಮನಿಸಿದೆ, ಗಮನಿಸಿದ್ದನ್ನು ಅವನೂ ಗಮನಿಸಿದ. ನದಿಗೆ ಹತ್ತಿರದ ಪೈನ್ ಮರಗಳ ತೊಗಟೆಯ ಸೀಳುಗಳಲ್ಲಿ, ನನ್ನ ಭುಜದ ಎತ್ತರದಲ್ಲಿ, ಒಣಗಿದ ಕಡ್ಡಿ ಮತ್ತು ಹರಿದ ಪ್ಲಾಸ್ಟಿಕ್ ಸಿಕ್ಕಿಕೊಂಡಿದ್ದವು. ಅಂಥ ಗುರುತು ನಮ್ಮಲ್ಲೂ ಹೊಳೆ ಇಳಿದ ಮೇಲೆ ಜಾಲಿ ಗಿಡಗಳಲ್ಲಿ ಇರುತ್ತದೆ. ಅಣ್ಣ ಆ ಮರಕ್ಕೇ ಬೆನ್ನು ಕೊಟ್ಟು ನಿಂತಿದ್ದ. ನಾನು ತೋರಿಸಲಿಲ್ಲ. ತೋರಿಸಿದರೆ ಅದಕ್ಕೂ ಒಂದು ಜೋಕು ಸಿದ್ಧವಿರುತ್ತಿತ್ತು.

ಇದು ಮೊದಲ ದಿನ. ಪೆಟ್ಟಿಗೆಯನ್ನು ಕಂಡದ್ದು ಎರಡನೆಯ ದಿನ ಬೆಳಗ್ಗೆ.

ಮಧ್ಯಾಹ್ನ ಊಟವಾದ ಮೇಲೆ ಕಾಕಾ ಮನೆಗೆ ಫೋನ್ ಮಾಡಬೇಕೆಂದರು. ಕ್ಯಾಂಪಿನಲ್ಲಿ ಸಿಗ್ನಲ್ ಇರಲಿಲ್ಲ. ಮೇಲೆ ರಸ್ತೆಯ ಬದಿಗೆ ತೂಗುಸೇತುವೆಯ ಹತ್ತಿರ ಹೋದರೆ ಸಿಗುತ್ತಿತ್ತು. ಅವರೊಬ್ಬರನ್ನೇ ಕಳಿಸುವಂತಿರಲಿಲ್ಲ, ಆ ಸೂಜಿಗಳ ಮೇಲೆ ಕಾಲು ಜಾರುತ್ತದೆ. ನಾನೇ ಜೊತೆಗೆ ಹೊರಟೆ. ಅಣ್ಣ ತಡೆಯಲಿಲ್ಲ. ನನ್ನ ಚೀಲವನ್ನು ಟೆಂಟಿನ ನಡುವೆ, ಗೋಡೆಯ ಬಟ್ಟೆಗೆ ತಾಗದಂತೆ, ಒಂದು ಹಲಗೆಯ ಮೇಲೆ ಇಟ್ಟು ಬಂದಿದ್ದೆ.

ಸೇತುವೆಯ ಕಟ್ಟೆಯ ಮೇಲೆ ಕಾಕಾ ಫೋನು ಮುಗಿಸಿ ಕೂತಾಗ ಕೇಳಿದೆ.

"ಕಾಕಾ, ಸೀರಿ ನೋಡೀರಿ?"

"ಯಾವ ಸೀರಿ?"

"ಹಸರ ಪೆಟಗಿ. ವೈನಿ ಬ್ಯಾಗಿನ್ಯಾಗ ಐತಿ."

ಕಾಕಾ ನದಿಯ ಕಡೆ ನೋಡಿದರು. "ಏನ ಸಪ್ಪಳವಾ ಇದು. ಕಿವಿ ಗಂಯ್ ಅನ್ನಾಕತ್ತಾವು."

"ಅಪ್ಪ ಹೊಳಿದಂಡಿ ಬಗ್ಗೆ ಏನಂದಿದ್ದ? ನೀವ ಅಲ್ಲೆ ಕುಂತಿದ್ರಿ."

"ನನಗ ಕಿವಿ ಸರಿಯಾಗಿ ಕೇಳೂದಿಲ್ಲ ಬಿಡವಾ."

"ಆವಾಗ ಕೇಳತಿತ್ತು."

ಅವರು ಮಂಕಿ ಟೋಪಿಯ ಅಂಚನ್ನು ಹುಬ್ಬಿನ ತನಕ ಎಳೆದುಕೊಂಡರು. ಅಷ್ಟರಲ್ಲಿ ಆಚೆ ಬೆಟ್ಟದ ಮೇಲಿಂದ ಮಳೆ ಇಳಿದು ಬಂತು. ಊರಿನ ಮಳೆ ಮೊದಲು ಗಾಳಿ, ಧೂಳು, ವಾಸನೆ ಕಳಿಸಿ ಆಮೇಲೆ ತಾನು ಬರುತ್ತದೆ. ಇದು ಹೇಳದೆ ಬಂತು. ಜೊತೆಗೆ ಆಲಿಕಲ್ಲು. ನಾನು ನನ್ನ ದುಪಟ್ಟಾವನ್ನು ಕಾಕಾನ ತಲೆಗೆ ಸುತ್ತಿ ಕೈ ಹಿಡಿದು ಇಳಿಸಿದೆ. ಕ್ಯಾಂಪು ಮುಟ್ಟುವ ಹೊತ್ತಿಗೆ ನನ್ನ ಮೈಮೇಲಿನ ಒಂದು ಎಳೆಯೂ ಒಣಗಿರಲಿಲ್ಲ. ಸ್ವೆಟರ್ ನೀರು ಕುಡಿದು ಮೊಣಕಾಲಿನವರೆಗೆ ಜೋತುಬಿದ್ದಿತ್ತು.

ಮಳೆ ನಿಂತಿತು. ಕಾಕಾ ತಮ್ಮ ಮತ್ತು ಅಣ್ಣನ ಟೆಂಟಿಗೆ ಹೋದರು. ನಾನು ನನ್ನದೂ ವೈನಿಯದೂ ಆದ ಟೆಂಟಿನ ಬಾಗಿಲು ಸರಿಸಿದೆ. ನನ್ನ ಚೀಲ ನಡುವೆ ಇರಲಿಲ್ಲ. ಮೂಲೆಯಲ್ಲಿತ್ತು, ಬಟ್ಟೆಯ ಗೋಡೆಗೆ ಒತ್ತಿಕೊಂಡು. ಗೋಡೆಯಿಂದ ನೀರು ಅದರೊಳಕ್ಕೆ ಇಳಿದು, ತಳದಿಂದ ಹೊರಬಂದು ನೆಲಹಾಸಿನ ಮೇಲೆ ಹರಿಯುತ್ತಿತ್ತು. ಎರಡನೆಯ ಸ್ವೆಟರ್, ಎರಡು ಜೊತೆ ಚೂಡಿದಾರ, ಒಳಬಟ್ಟೆ, ಕಾಲುಚೀಲ, ಎಲ್ಲವೂ ತೊಯ್ದಿದ್ದವು. ಹಿಂಡಿದರೆ ಧಾರೆ ಬರುತ್ತಿತ್ತು.

ವೈನಿ ತಮ್ಮ ಹಾಸಿಗೆಯ ಮೇಲೆ ಕಾಲು ಮಡಿಸಿ ಕೂತಿದ್ದರು. ಮುಂದೆ ಪೆಟ್ಟಿಗೆ ತೆರೆದಿತ್ತು.

"ನನ್ನ ಚೀಲಾ ಇಲ್ಲಿಗೆ ಯಾರ ಸರಿಸಿದ್ರಿ?"

"ಅಯ್ಯ, ನಡುವ ಇತ್ತಲ್ಲ, ಎಡವಿ ಬಿದ್ದಗಿದ್ದೇನಂತ ಬಾಜೂಕ ಇಟ್ಟೆ. ಮಳಿ ಬರತೈತಿ ಅಂತ ನನಗೇನ ಕನಸ ಬಿದ್ದಿತ್ತ?"

ಅವರು ಬೇಕೆಂದೇ ಮಾಡಿದರೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಅವರ ಬ್ಯಾಗು ಮಾತ್ರ ಆ ಹಲಗೆಯ ಮೇಲೆ ಇತ್ತು.

"ನಡಗಾಕತ್ತೀಯಲ್ಲ. ತಗೊ, ಉಟ್ಕೊ. ಒಣಗಿದ್ದು ಇದೊಂದ ಐತಿ" ಎಂದು ಸೀರೆಯನ್ನು ಎತ್ತಿ ಹಿಡಿದರು. ಹಸಿರು, ಕೆಂಪು ಅಂಚು. ಮಡಿಕೆಯ ನಡುವೆ ಅಂಗಡಿಯವರು ಇಟ್ಟ ರಟ್ಟು ಇನ್ನೂ ಇತ್ತು.

"ನಿಮ್ಮವು ಚೂಡಿದಾರ ಅದಾವಲ್ಲ, ಒಂದ ಕೊಡ್ರಿ."

"ನನ್ನ ಅಳತಿ ನಿನಗೆಲ್ಲಿ ಬರತೈತಿ? ನೀ ಕಡ್ಡಿ. ನಾ ಎಲ್ಲಿ, ನೀ ಎಲ್ಲಿ."

"ಹಂಗಾರ ಇದರ ಜಂಪರ?"

ಕೇಳಬಾರದಿತ್ತು ಎಂದು ಅವರ ಮುಖ ನೋಡಿದ ಮೇಲೆ ಗೊತ್ತಾಯಿತು. ಕೇಳಿದ್ದು ಒಳ್ಳೆಯದಾಯಿತು ಎಂದು ಅದರ ಮರುಗಳಿಗೆಗೆ ಗೊತ್ತಾಯಿತು. ಪೆಟ್ಟಿಗೆಯ ತಳದಲ್ಲಿ ಜಂಪರ್ ಇತ್ತು, ಹೊಲಿದ ರವಿಕೆ. ತೋಳಿನ ಅಂಚಿಗೆ ಕೆಂಪು ಪಟ್ಟಿ. ವೈನಿಗೆ ಅದು ಒಂದು ತೋಳಿಗೂ ಆಗುವಂತಿರಲಿಲ್ಲ.

"ನನ್ನ ಅಳತಿ ಎಲ್ಲಿ ಸಿಕ್ತರಿ?"

"ನಿಮ್ಮವ್ವನ ಕಡೆ ಹಳೇದ ಒಂದ ಇಸ್ಕೊಂಡಿದ್ದೆ" ಎಂದರು ವೈನಿ. ಬಾಯಿಗೆ ಬಂದದ್ದನ್ನು ನುಂಗಲು ಅವರಿಗೆ ಸಮಯ ಸಿಗಲಿಲ್ಲ.

ಅವ್ವ ಅಳತೆ ಕೊಟ್ಟಿದ್ದಳು. ಚೀಲದ ಜಿಪ್ ಎಳೆಯುತ್ತಾ ಆ ಮಾತನ್ನೂ ಹೇಳಿದ್ದಳು. ಅವಳಿಗೆ ಎರಡನ್ನೂ ಮಾಡಬೇಕಾಗಿತ್ತು ಎಂದು ಈಗ ಅರ್ಥವಾಗುತ್ತದೆ; ಅವಳು ಇರುವುದು ಅಣ್ಣನ ಮನೆಯಲ್ಲಿ. ಆಗ ಅರ್ಥವಾಗಲಿಲ್ಲ. ಹಲ್ಲು ಕಟಕಟ ಎನ್ನುತ್ತಿದ್ದವು. ನನಗೆ ಅವ್ವನ ಮೇಲೂ ಸಿಟ್ಟು ಬಂತು, ಆ ಮಳೆಯ ಮೇಲೂ ಬಂತು, ಬಾಟಲಿಯಲ್ಲಿ ನೋಡಿ ಸಮಾಧಾನ ಪಡದೆ ಇಷ್ಟು ದೂರ ಬಂದ ನನ್ನ ಮೇಲೂ ಬಂತು.

ಟೆಂಟಿನ ಬಾಗಿಲಿನ ಸಂದಿಯಿಂದ ಹೊರಗೆ ಕಾಣುತ್ತಿತ್ತು. ಒಂದು ಪೈನ್ ಮರದ ಕೆಳಗೆ ಅಣ್ಣ ಪ್ಲಾಸ್ಟಿಕ್ ಕುರ್ಚಿಯೊಂದನ್ನು ಒರೆಸಿ ಇಡುತ್ತಿದ್ದ. ಕಾಕಾ ಬಟ್ಟೆ ಬದಲಿಸಿ ಬಂದು ಅದರಲ್ಲಿ ಕೂತರು. ಮಂಕಿ ಟೋಪಿ ಇರಲಿಲ್ಲ. ತಲೆಯ ಮೇಲೆ, ಇಸ್ತ್ರಿಯ ಗೆರೆ ಕೆಡದಂತೆ ಎಲ್ಲೋ ಜೋಪಾನವಾಗಿ ಇಟ್ಟುಕೊಂಡು ತಂದಿದ್ದ, ಬಿಳಿ ಟೋಪಿ ಇತ್ತು. ಲಗ್ನಕ್ಕೆ, ಸಾವಿಗೆ, ಪಂಚಾಯ್ತಿಗೆ ಹಾಕುವಂಥದು. ಅವರು ಎರಡೂ ಪಾದಗಳನ್ನು ಜೋಡಿಸಿ ಇಟ್ಟುಕೊಂಡಿದ್ದರು. ಅಣ್ಣ ಎರಡು ಹೆಜ್ಜೆ ಹಿಂದೆ ಸರಿದು ಮೊಬೈಲ್ ಎತ್ತಿ, ಕುರ್ಚಿಯ ಹಿಂದೆ ನದಿ ಬರುತ್ತದೆಯೇ ಎಂದು ನೋಡುತ್ತಿದ್ದ.

ಆ ಫೋಟೋ ಎಲ್ಲಿಗೆ ಹೋಗುತ್ತದೆ ಎಂದು ನನಗೆ ಗೊತ್ತಿತ್ತು. ಮನೆತನದವರೆಲ್ಲ ಇರುವ ವಾಟ್ಸಾಪ್ ಗುಂಪು ಇದೆ. ಅತ್ತೆಯ ಮಕ್ಕಳು, ಕೊಣ್ಣೂರಿನ ದೊಡ್ಡವ್ವ, ಕಾಕಾನ ಮಕ್ಕಳು, ಎಲ್ಲರೂ ಇದ್ದಾರೆ. ನಾನು ಹಸಿರು ಸೀರೆ ಉಟ್ಟು, ಬಿಳಿ ಟೋಪಿಯ ಹಿರಿಯರ ಕಾಲಿಗೆ ಬಗ್ಗಿದ ಚಿತ್ರ ಅಲ್ಲಿ ಬಿದ್ದರೆ ನಾನು ಆಮೇಲೆ ಏನು ಹೇಳಿದರೂ ಅದು ಮಾತು ತಪ್ಪಿದಂತೆ. ಚಳಿಗೆ ಉಟ್ಟೆ ಎಂದರೆ ಯಾರು ನಂಬುತ್ತಾರೆ? ಮೇ ತಿಂಗಳ ಗೋಕಾಕದಲ್ಲಿ ಕೂತು ಆ ಫೋಟೋ ನೋಡುವವರಿಗೆ ಚಳಿ ಎಂದರೆ ಏನು ಗೊತ್ತಾಗುತ್ತದೆ?

"ಉಟ್ಕೊಳ್ಳವಾ, ನ್ಯುಮೋನಿಯಾ ಆಗಿ ಸತ್ತರ ನಮ್ಮ ಮ್ಯಾಲ ಬರತೈತಿ."

"ಉಡೂದಿಲ್ಲರಿ."

"ಸೀರಿ ಉಟ್ರ ಏನ ಮೈ ಸುಡತೈತೇನು?"

"ಹಂಗಾರ ನೀವ ಉಡ್ರಿ."

ನಾನು ತೊಯ್ದ ಬಟ್ಟೆಯಲ್ಲೇ ಹೊರಗೆ ಬಂದೆ. ಅಣ್ಣ ಮೊಬೈಲ್ ಎತ್ತಿದವನು ನನ್ನನ್ನು ಕಂಡು ಕೆಳಗಿಳಿಸಿದ. ಕಾಕಾನ ಮುಂದೆ ಹಾದು, ಅವರ ಜೋಡಿಸಿಟ್ಟ ಪಾದಗಳನ್ನು ಬಳಸಿ, ಅಡುಗೆಯ ಶೆಡ್ಡಿಗೆ ಹೋದೆ.

ಅಲ್ಲಿ ಕಟ್ಟಿಗೆಯ ಒಲೆ ಉರಿಯುತ್ತಿತ್ತು. ಅಡುಗೆಯವನು ನನ್ನನ್ನು ನೋಡಿ ಒಂದು ಮಣೆಯನ್ನು ಒಲೆಯ ಕಡೆ ಸರಿಸಿ, ತನ್ನ ಬಟಾಟೆ ಸುಲಿಯುವ ಕೆಲಸಕ್ಕೆ ಮರಳಿದ. ಪೈನ್ ಕಟ್ಟಿಗೆಯಲ್ಲಿ ಅಂಟು ಹೆಚ್ಚು. ಸಿಡಿಯುತ್ತದೆ, ಕಪ್ಪು ಹೊಗೆ ಬಿಡುತ್ತದೆ. ಕಣ್ಣು ಉರಿಯಿತು. ಒಂದು ಮಗ್ಗಲು ಸುಡುತ್ತಿದ್ದರೆ ಇನ್ನೊಂದು ಮಗ್ಗಲು ಮರಗಟ್ಟುತ್ತಿತ್ತು. ರೊಟ್ಟಿ ಮಗುಚಿದ ಹಾಗೆ ನನ್ನನ್ನು ನಾನೇ ತಿರುಗಿಸಿಕೊಳ್ಳುತ್ತಾ ಕೂತೆ. ಬಟ್ಟೆಯಿಂದ ಹಬೆ ಏಳುತ್ತಿತ್ತು. ಏಳಬಾರದು ಎನಿಸಿತು. ಎದ್ದರೆ ಆ ಸೀರೆ ಅಲ್ಲೇ ಇರುತ್ತದೆ.

ರಾತ್ರಿ ಊಟದ ಹೊತ್ತಿಗೆ ಅವರೇ ಶೆಡ್ಡಿಗೆ ಬಂದರು. ಹೊರಗೆ ಉಳಿದ ಕುರ್ಚಿಗಳೆಲ್ಲ ಒದ್ದೆಯಾಗಿದ್ದವು. ನಾಲ್ವರೂ ಒಂದೇ ಬೆಂಚಿಗೆ ಕೂರಬೇಕಾಯಿತು. ಅಣ್ಣ ತಟ್ಟೆಯನ್ನು ಮೊಣಕಾಲ ಮೇಲಿಟ್ಟುಕೊಂಡು ನಾಲ್ಕು ತುತ್ತು ತಿಂದ.

"ಎಲ್ಲಾರ ಮುಂದ ನನ್ನ ಮಾರಿಗೆ ಹೊಡದಂಗ ಮಾಡಿದಿ" ಎಂದ.

"ಯಾರ ಮುಂದ? ಇಲ್ಲೆ ನಾವ ನಾಕ ಮಂದಿ ಅದೀವಿ."

"ಕಾಕಾ ಅಷ್ಟ ದೂರದಿಂದ ಇದಕ್ಕ ಬಂದಾರ."

"ಹಿಮಾಲಯ ನೋಡಾಕ ಬಂದೀವಿ ಅಂದಿದ್ದಿ."

ವೈನಿ ನಡುವೆ ಬಂದರು. "ಸಾಲಿ ಕಲತವರ ಜೋಡಿ ಮಾತಾಡಬಾರದ ನೋಡ್ರಿ. ಒಂದ ಮಾತಿಗೆ ಎರಡ ಮಾತು."

"ನಾ ಕೆಡಕ ಮಾಡಾಕ ಹೊಂಟಿಲ್ಲ" ಎಂದ ಅಣ್ಣ, ದನಿ ಇಳಿಸಿ. ಇಳಿಸಿದ ದನಿ ನದಿಯ ಸದ್ದಿನಲ್ಲಿ ಕೇಳದೆ ಮತ್ತೆ ಏರಿಸಬೇಕಾಯಿತು. "ನಾಳೆ ನಿನ್ನ ಲಗ್ನಾ ಮಾಡಾಂವ ಯಾರು? ನಾನ. ಪಂಚಮಿಗೆ ತವರಿಗೆ ಕರಿಯಾಕ ಬರಾಂವ ಯಾರು? ನಾನ. ಬೀಳ ಬಿದ್ದ ಹೊಳಿದಂಡಿ ಇಟಕೊಂಡ ನೀ ಏನ ಮಾಡತಿ?"

"ಬದನಿ ಹಚ್ಚತೇನಿ."

ಕಾಕಾ ತುತ್ತು ಬಾಯಲ್ಲಿಟ್ಟುಕೊಂಡೇ ನಕ್ಕುಬಿಟ್ಟರು. ಆಮೇಲೆ ಅಣ್ಣನ ಮುಖ ನೋಡಿ ಕೆಮ್ಮಿದರು. "ಹಠಾ ಭಾಳ ಐತಿ ಈಕಿಗೆ. ಥೇಟ್ ನಮ್ಮ ಅಕ್ಕನಂಗ." ತಾವೇ ತಿದ್ದಿಕೊಂಡರು. "ಅಲ್ಲ, ಅಕ್ಕ ಸುಮ್ಮನ ಉಟ್ಟಿದ್ಲು."

"ಕಾಕಾ, ಅಪ್ಪ ಅಂದದ್ದ ಖರೆ ಹೌದೋ ಅಲ್ಲೋ, ಅಷ್ಟ ಹೇಳ್ರಿ" ಎಂದೆ.

ಬೆಂಚಿನ ಮೇಲೆ ಯಾರೂ ಉಣ್ಣುತ್ತಿರಲಿಲ್ಲ. ಕಾಕಾ ಬಿಳಿ ಟೋಪಿ ತೆಗೆದು, ಅದರ ಮೇಲೆ ಬಿದ್ದಿದ್ದ ಮಸಿಯ ಚೂರನ್ನು ಊದಿದರು.

"ಅಂವಾ ಅಂದದ್ದ ಖರೆ" ಎಂದರು. "ಆದ್ರ ಆವಾಗ ಹೊಳಿದಂಡಿಗೆ ಕಿಮ್ಮತ್ತ ಇರಲಿಲ್ಲವಾ."

ಅಷ್ಟು ಪ್ರಾಮಾಣಿಕವಾದ ಮಾತನ್ನು ಆ ಪ್ರವಾಸದಲ್ಲಿ ಬೇರೆ ಯಾರೂ ಆಡಲಿಲ್ಲ. ಅಣ್ಣ ತಟ್ಟೆಯನ್ನು ನೆಲಕ್ಕೆ ಇಟ್ಟ.

"ಕಡೀ ಮಾತ ಕೇಳತೇನಿ. ತವರಮನಿ ಬೇಕೋ, ಹೊಳಿದಂಡಿ ಬೇಕೋ?"

ನನಗೆ ಉದ್ದ ಮಾತು ಬರುವುದಿಲ್ಲ. ತರಗತಿಯಲ್ಲಿ ಬರುತ್ತದೆ, ಮನೆಯವರ ಎದುರು ಬರುವುದಿಲ್ಲ. ಆ ಪಟ್ಟಿಯನ್ನು ಯಾಕೆ ಇಟ್ಟುಕೊಳ್ಳಬೇಕು ಎಂಬುದಕ್ಕೆ ಒಳ್ಳೆಯ ಕಾರಣಗಳನ್ನು ನಾನು ಹುಡುಕಿದ್ದೆ: ಪ್ರವಾಹ, ಮಣ್ಣು, ದಂಡೆಯ ಜಾಲಿ ಗಿಡಗಳು. ಅವೆಲ್ಲ ನಿಜ. ಆದರೆ ಅವು ಕಾರಣಗಳಲ್ಲ. ಅದು ನನ್ನದು ಎಂಬುದನ್ನು ಬಿಟ್ಟರೆ ಬೇರೆ ಕಾರಣ ನನ್ನ ಬಳಿ ಇರಲಿಲ್ಲ. ಗಂಡಸಿಗೆ ಆ ಒಂದು ಕಾರಣ ಸಾಕಾಗುತ್ತದೆ. ಅಣ್ಣನ ಕಬ್ಬಿನ ಹೊಲ ಅವನಿಗೆ ಯಾಕೆ ಬೇಕು ಎಂದು ಯಾರೂ ಅವನನ್ನು ಬೆಂಚಿನ ಮೇಲೆ ಕೂರಿಸಿ ಕೇಳಿಲ್ಲ.

"ಎರಡೂ ನನ್ನವ. ಎರಡೂ ಬೇಕು" ಎಂದೆ.

"ಹಂಗಾರ ಪಂಚಮಿಗೆ ದಾರಿ ನೋಡಬ್ಯಾಡ" ಎಂದು ಅಣ್ಣ ಎದ್ದು ಹೋದ. ವೈನಿ ಅವನ ತಟ್ಟೆ ಎತ್ತಿಕೊಂಡು ಹಿಂದೆಯೇ ಹೋದರು. ಕಾಕಾ ಉಳಿದ ಅನ್ನ ಮುಗಿಸಿ, ಕೈ ತೊಳೆದು, ಮತ್ತೆ ಮಂಕಿ ಟೋಪಿ ಹಾಕಿಕೊಂಡರು.

ಆ ರಾತ್ರಿ ಕ್ಯಾಂಪಿನವರು ಕೊಟ್ಟ ರಜಾಯಿ ಸುತ್ತಿಕೊಂಡು ಮಲಗಿದೆ. ಅದಕ್ಕೆ ಬೇರೆ ಜನರ ಎಣ್ಣೆಯ ವಾಸನೆ ಇತ್ತು. ವೈನಿ ನನಗೆ ಬೆನ್ನು ಮಾಡಿ ಮಲಗಿದ್ದರು. ನಮ್ಮಿಬ್ಬರ ನಡುವೆ, ನನ್ನ ಚೀಲ ಮೊದಲಿದ್ದ ಜಾಗದಲ್ಲಿ, ಪೆಟ್ಟಿಗೆ ಇತ್ತು. ಅವರೂ ನಿದ್ದೆ ಮಾಡುತ್ತಿಲ್ಲ ಎಂದು ಉಸಿರಿನಿಂದ ಗೊತ್ತಾಗುತ್ತಿತ್ತು. ಅವರ ತವರಿನಲ್ಲಿ ಅವರಿಗೂ ಒಂದು ಸೀರೆ ಕೊಟ್ಟಿರಬೇಕು. ಯಾವ ಬಣ್ಣದ್ದು ಎಂದು ನಾನು ಕೇಳಲಿಲ್ಲ.

ಬೆಳಗ್ಗೆ ವೈನಿ ಏಳುವ ಮೊದಲೇ ಎದ್ದೆ. ಅರ್ಧ ಒಣಗಿ ಹೊಗೆ ಹಿಡಿದಿದ್ದ ಬಟ್ಟೆಯನ್ನೇ ಹಾಕಿಕೊಂಡೆ. ಪೆಟ್ಟಿಗೆಯನ್ನು ಎತ್ತಿಕೊಂಡು ಹೊರಗೆ ಬಂದು, ನದಿಯ ಪಕ್ಕದ ಚಪ್ಪಟೆ ಕಲ್ಲಿನ ಮೇಲೆ ಇಟ್ಟೆ. ಸೀರೆ ಒಳಗೆ ಮಡಿಸಿದಂತೆಯೇ ಇತ್ತು, ರಟ್ಟೂ ಇತ್ತು. ಮುಚ್ಚಳ ಸರಿಯಾಗಿ ಮುಚ್ಚಿದೆ. ಅಂಟಿನ ಮೇಲೆ ಪೈನ್ ಎಲೆ ಹಾಗೇ ಇತ್ತು. ಮೊಬೈಲಿನಲ್ಲಿ ಒಂದು ಫೋಟೋ ತೆಗೆದೆ. ನಾನು ಅದರಲ್ಲಿ ಇಲ್ಲ. ಪೆಟ್ಟಿಗೆ, ಕಲ್ಲು, ಹಿಂದೆ ನೀರು. ಆಮೇಲೆ ಪೆಟ್ಟಿಗೆಯನ್ನು ಒಯ್ದು ಅಣ್ಣನ ಟೆಂಟಿನ ಬಾಗಿಲಲ್ಲಿ, ಅವನ ಬೂಟುಗಳ ಪಕ್ಕದಲ್ಲಿ ಇಟ್ಟೆ.

ಮೇಲೆ ಸೇತುವೆಯ ಹತ್ತಿರ ಹೋಗಿ ಸಿಗ್ನಲ್ ಬರುವ ತನಕ ಕಾದೆ. ಮನೆತನದ ಗುಂಪಿನಲ್ಲಿ ನಾನು ಅದುವರೆಗೆ ಏನನ್ನೂ ಹಾಕಿದವಳಲ್ಲ, ಹಬ್ಬದ ಶುಭಾಶಯ ಕೂಡ. ಫೋಟೋ ಹಾಕಿ, ಅದರ ಕೆಳಗೆ ಬರೆದೆ: "ಅಣ್ಣ ಹೊಳಿದಂಡಿಗೆ ಅಂತ ತಂದ ಸೀರಿ. ನಾ ಉಟ್ಟಿಲ್ಲ."

ಯಾರು ನೋಡುತ್ತಾರೆ, ಯಾರು ಏನು ಬರೆಯುತ್ತಾರೆ ಎಂದು ಕಾಯಲಿಲ್ಲ. ಮೊಬೈಲ್ ಬಂದ್ ಮಾಡಿ ಇಳಿದು ಬಂದೆ. ಮರಗಳ ನೆತ್ತಿಯಿಂದ ಬಿಸಿಲು ಟೆಂಟುಗಳ ಮೇಲೆ ಇಳಿಯಲು ಶುರುವಾಗಿತ್ತು. ಚೀಲವನ್ನು ಹೊರಗೆ ತಂದು, ಒಳಗಿದ್ದುದನ್ನೆಲ್ಲ ಒಂದೊಂದಾಗಿ ಹಿಂಡಿ, ನಮ್ಮ ಟೆಂಟಿನ ಹಗ್ಗಗಳ ಮೇಲೆ ಹರವಿದೆ. ಜಾಗ ಸಾಲಲಿಲ್ಲ. ಅವ್ವ ತುರುಕಿದ ಸ್ವೆಟರನ್ನು ಅಣ್ಣನ ಟೆಂಟಿನ ಹಗ್ಗಕ್ಕೆ ಹಾಕಿದೆ.